ದೂರು ಪತ್ರ: ಒಂದು ಗಂಟೆ ತಪ್ಪಿಹೋದ ತಿಮಿಂಗಿಲ ಯಾತ್ರೆ

ಅರ್ವೈನ್, ಕ್ಯಾಲಿಫೋರ್ನಿಯಾ
24 ಫೆಬ್ರವರಿ 2025

ಗೆ,
ವ್ಯವಸ್ಥಾಪಕರು,
ಗುಂಪು ಪ್ರವಾಸ ವಿಭಾಗ

ವಿಷಯ: ಫೆಬ್ರವರಿ 14ರಿಂದ 18ರವರೆಗಿನ ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾ ರಸ್ತೆ ಪ್ರವಾಸದ ಲೋಪಗಳು ಮತ್ತು ಹಣ ಮರುಪಾವತಿ ಕುರಿತು

ಮಾನ್ಯರೇ,

ನಿಮ್ಮ ಜಾಹೀರಾತು ಕನ್ನಡದಲ್ಲಿತ್ತು, ಫೋನಿನಲ್ಲಿ ಮಾತಾಡಿದವರೂ ಚೆಂದದ ಕನ್ನಡದಲ್ಲೇ ಮಾತಾಡಿದರು. ಹಾಗಾಗಿ ದೂರನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಹೋದ ವಾರ ಇಂಗ್ಲಿಷಿನಲ್ಲಿ ಕಳಿಸಿದ ಈಮೇಲಿಗೆ ನೀವು ಕೊಟ್ಟ ಎರಡು ಸಾಲಿನ ಉತ್ತರ ನೋಡಿದರೆ ಅದು ನಿಮಗೆ ಅರ್ಥವಾದಂತೆ ಕಾಣಲಿಲ್ಲ.

ನಾವು ಹೊರಟವರು ಹನ್ನೊಂದು ಜನ. ನಾನು, ಹೆಂಡತಿ, ಹತ್ತು ವರ್ಷದ ಮಗಳು, ಶಿವಮೊಗ್ಗದಿಂದ ಬಂದಿರುವ ಅಪ್ಪ ಅಮ್ಮ, ಮೂವರು ಸದಸ್ಯರ ಒಂದು ಗೆಳೆಯರ ಕುಟುಂಬ, ಓದುತ್ತಿರುವ ಒಬ್ಬ ಹುಡುಗ, ಮತ್ತೆ ಒಂದು ದಂಪತಿ. ತಲೆಗೆ 640 ಡಾಲರಿನಂತೆ ಒಟ್ಟು 7,040 ಡಾಲರ್ ಕಟ್ಟಿದ್ದೇವೆ. ಅದರಲ್ಲಿ ವ್ಯಾನು, ಮೆಕ್ಸಿಕೋದ ವಾಹನ ವಿಮೆ, ಹೋಟೆಲು, ಬೂದು ತಿಮಿಂಗಿಲ ನೋಡುವ ದೋಣಿ ಎಲ್ಲ ಸೇರಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ನೀವೇ ಹೇಳಿದ ಹಾಗೆ, 'ಗಂಟೆ ಗಂಟೆಯ ಪಕ್ಕಾ ಪ್ಲಾನ್' ಸೇರಿತ್ತು. ವ್ಯಾನು ಚೆನ್ನಾಗಿತ್ತು, ವಿಮೆಯ ಕಾಗದ ಸರಿಯಾಗಿತ್ತು. ನನ್ನ ತಕರಾರು ಆ ಪ್ಲಾನಿನದು.

ಮೊದಲು ಗಡಿಯ ಸಂಗತಿ. ಆ ದಂಪತಿಗೆ ಅಮೆರಿಕದಲ್ಲಿರಲು ಇರುವ ಎಚ್-1ಬಿ (ಕೆಲಸ ಮಾಡುವವನದು), ಎಚ್-4 (ಹೆಂಡತಿಯದು) ಅನುಮತಿ ಎರಡೂ ಚಾಲ್ತಿಯಲ್ಲಿವೆ, ಆದರೆ ಪಾಸ್‌ಪೋರ್ಟಿನಲ್ಲಿರುವ ವೀಸಾ ಸ್ಟಾಂಪಿನ ಅವಧಿ ಮುಗಿದಿದೆ. ಇದನ್ನು ಜನವರಿಯಲ್ಲೇ ವಾಟ್ಸಾಪಿನಲ್ಲಿ ಕೇಳಿದ್ದೆ. 'ಐ-797 ಪತ್ರ, ಐ-94 ಇದ್ದರೆ ಸಾಕು ಸಾರ್, ನಮ್ಮ ಗುಂಪುಗಳಲ್ಲಿ ಎಷ್ಟೋ ಜನ ಹೋಗಿಬಂದಿದ್ದಾರೆ' ಎಂದಿರಿ. ಮೆಸೇಜು ಈಗಲೂ ನನ್ನ ಹತ್ತಿರ ಇದೆ. ಆ ಕಾಗದಗಳು, ಅಂದರೆ ಅನುಮತಿಯ ಮಂಜೂರಾತಿ ಪತ್ರ ಮತ್ತು ಅಮೆರಿಕ ಪ್ರವೇಶದ ದಾಖಲೆ, ಸಾಲುವುದು ಮೆಕ್ಸಿಕೋದಿಂದ ಮೂವತ್ತು ದಿನದೊಳಗೆ ಅಮೆರಿಕಕ್ಕೆ ವಾಪಸು ಬರುವುದಕ್ಕೆ. ಮೆಕ್ಸಿಕೋದೊಳಕ್ಕೆ ಹೋಗುವ ಭಾರತೀಯರಿಗೆ ಆ ದೇಶದ ವೀಸಾ ಬೇಕು, ಇಲ್ಲವೇ ಅಮೆರಿಕದ ಚಾಲ್ತಿ ವೀಸಾನೋ ಗ್ರೀನ್ ಕಾರ್ಡೋ ಇರಬೇಕು. ಬರುವ ನಿಯಮವನ್ನೇ ಹೋಗುವ ನಿಯಮ ಅಂದುಕೊಂಡು ನಮಗೂ ಅದನ್ನೇ ಹೇಳಿದಿರಿ. ಟಿಹುವಾನಾದ ಅಧಿಕಾರಿ ಪಾಸ್‌ಪೋರ್ಟಿನ ಹಾಳೆ ಎರಡು ಸಲ ತಿರುವಿ ಹಾಕಿ, ಪ್ರವಾಸಿ ಪರವಾನಗಿ ಕೊಡಲಾಗುವುದಿಲ್ಲ ಎಂದು ತಲೆಯಾಡಿಸಿದರು. ನನ್ನ ಅಪ್ಪ ಅಮ್ಮನ ವಿಸಿಟರ್ ವೀಸಾಕ್ಕೆ ಅರ್ಧ ನಿಮಿಷದಲ್ಲಿ ಮುದ್ರೆ ಬಿತ್ತು. ಇಲ್ಲೇ ಎಂಟು ವರ್ಷದಿಂದ ದುಡಿಯುತ್ತಿರುವವನು ಹೆಂಡತಿಯ ಜೊತೆ ಸೂಟ್‌ಕೇಸ್ ಎಳೆದುಕೊಂಡು ಗಡಿಯ ಅಮೆರಿಕ ಬದಿಯ ಸ್ಯಾನ್ ಇಸಿಡ್ರೋದಲ್ಲಿ ಟ್ರಾಲಿ ರೈಲು ಹತ್ತಿ ವಾಪಸು ಹೋದ. ಆಕೆ ನಮಗೆಲ್ಲ ಮಾಡಿ ತಂದಿದ್ದ ಚಪಾತಿ, ಶೇಂಗಾ ಚಟ್ನಿಪುಡಿ ಮಾತ್ರ ನಮ್ಮ ವ್ಯಾನಿನಲ್ಲೇ ಉಳಿಯಿತು. ಸ್ಯಾನ್ ಕಿಂಟಿನ್‌ನಲ್ಲಿ ಆ ರಾತ್ರಿ ಅದನ್ನೇ ತಿಂದೆವು, ಯಾರೂ ಹೆಚ್ಚು ಮಾತಾಡಲಿಲ್ಲ.

ಎರಡನೇ ದಿನದ ಗ್ಯಾಸಿನ (ಪೆಟ್ರೋಲಿನ) ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ನಿಮ್ಮ ಹಾಳೆಯಲ್ಲಿ 'ಕಟವಿನ್ಯಾದಲ್ಲಿ ಟ್ಯಾಂಕ್ ಫುಲ್ ಮಾಡಿಸಿ' ಎಂದಿದೆ. ಕಟವಿನ್ಯಾದಲ್ಲಿರುವುದು ಎಂದೋ ಪಾಳುಬಿದ್ದ ಬಂಕು. ಎಲ್ ರೊಸಾರಿಯೋ ಬಿಟ್ಟರೆ ಮುಂದೆ ಮುನ್ನೂರು ಕಿಲೋಮೀಟರಿನಷ್ಟು ದೂರ ಮರುಭೂಮಿ, ನಂಬುವಂಥ ಬಂಕು ಇಲ್ಲ. ಆ ರಸ್ತೆಯಲ್ಲಿ ಒಮ್ಮೆ ಹೋದವರು ಎಲ್ ರೊಸಾರಿಯೋದಲ್ಲಿ ತುಂಬಿಸದೆ ಮುಂದೆ ಹೋಗುವುದಿಲ್ಲ. ನಾವು ರಸ್ತೆ ಬದಿಯಲ್ಲಿ ಡ್ರಮ್ಮಿನಿಂದ ಪೈಪಿನಲ್ಲಿ ಎಳೆದು ಮಾರುವವರಲ್ಲಿ ಕೊಂಡೆವು. ಅವರಿಂದ ಉಪಕಾರವೇ ಆಯಿತು, ಆದರೆ ಬೆಲೆಯಲ್ಲಿ 40 ಡಾಲರ್ ಹೆಚ್ಚು ಬಿತ್ತು. ಅಲ್ಲಿನ ಬಂಡೆಗಳ ನಡುವೆ ತಲೆಕೆಳಗಾದ ಗಜ್ಜರಿಯಂತೆ ನಿಂತ ಸಿರಿಯೋ ಗಿಡಗಳನ್ನು ನೋಡಿ ಅಪ್ಪ ಖುಷಿಪಟ್ಟರು, ಅದೇ ಲಾಭ.

ಈಗ ಅಸಲು ವಿಷಯ.

ಭಾನುವಾರ, 16ನೇ ತಾರೀಕು. ಹಾಳೆಯಲ್ಲಿ ನೀವು ಬರೆದದ್ದು: 'ಬೆಳಿಗ್ಗೆ 7ಕ್ಕೆ ಕಟವಿನ್ಯಾ ಬಿಡಿ. 10:20ಕ್ಕೆ ಗೆರೆರೋ ನೆಗ್ರೋ. 11ಕ್ಕೆ ದೋಣಿ.' ಏಳಕ್ಕೆ ಐದು ನಿಮಿಷ ಇರುವಾಗಲೇ ಹೊರಟೆವು. ಕಟವಿನ್ಯಾದಲ್ಲಿ ಫೋನಿಗೆ ಸಿಗ್ನಲ್ ಇಲ್ಲ, ದಾರಿಯಲ್ಲೂ ಇಲ್ಲ. 28ನೇ ಅಕ್ಷಾಂಶದ ಹತ್ತಿರ ಆ ಭಾರೀ ಧ್ವಜಸ್ತಂಭ, ಆಕಾಶಕ್ಕೆ ಚಾಚಿದ ಉಕ್ಕಿನ ಹದ್ದಿನ ಸ್ಮಾರಕ ಕಂಡಾಗ ಮಗಳು ಚಪ್ಪಾಳೆ ಹೊಡೆದಳು. ಊರು ಹತ್ತಿರವಾಗುತ್ತಿದ್ದಂತೆ ಐದಾರು ಫೋನುಗಳು ಒಟ್ಟಿಗೆ ಕಿಣಿಗುಟ್ಟಿದವು. ನನ್ನ ಫೋನಿನಲ್ಲಿ ಆಗ 10:14 ಇತ್ತು. ನೋಡುತ್ತಿದ್ದಂತೆಯೇ 11:14 ಆಯಿತು.

ಆ ಅಕ್ಷಾಂಶವೇ ಬಾಹಾ ಕ್ಯಾಲಿಫೋರ್ನಿಯಾ ಮತ್ತು ಬಾಹಾ ಕ್ಯಾಲಿಫೋರ್ನಿಯಾ ಸುರ್ ರಾಜ್ಯಗಳ ಗಡಿ. ಚಳಿಗಾಲದಲ್ಲಿ ದಕ್ಷಿಣದ ರಾಜ್ಯದ ಗಡಿಯಾರ ಒಂದು ಗಂಟೆ ಮುಂದಿರುತ್ತದೆ. ದೋಣಿ ಕಚೇರಿಯ ಹೆಂಗಸು ನಮ್ಮ ಚೀಟಿ ನೋಡಿ, ಗೋಡೆಯ ಗಡಿಯಾರ ತೋರಿಸಿ, ಬೇಜಾರಿನಿಂದ ಕೈ ಅಲ್ಲಾಡಿಸಿದರು. ದೋಣಿ ಹೋಗಿಯಾಗಿತ್ತು.

ಇದು ಹೇಗಾಯಿತು ಎಂದು ನಾನೇ ಕೂತು ಲೆಕ್ಕ ಹಾಕಿದ್ದೇನೆ, ನಿಮಗೆ ಆ ಕಷ್ಟ ಬೇಡ. ಉತ್ತರದ ರಾಜ್ಯ ಅಮೆರಿಕದ ಜೊತೆಗೇ ಮಾರ್ಚಿನಲ್ಲಿ ಗಡಿಯಾರ ಮುಂದಿಡುತ್ತದೆ. ಮೆಕ್ಸಿಕೋದ ಬಹುಭಾಗದಂತೆ ದಕ್ಷಿಣದ ರಾಜ್ಯ ಆ ಪದ್ಧತಿಯನ್ನು 2022ರಲ್ಲೇ ಕೈಬಿಟ್ಟಿದೆ. ಆದ್ದರಿಂದ ಮಾರ್ಚಿನ ಎರಡನೇ ಭಾನುವಾರದ ನಂತರ ಎರಡೂ ಕಡೆ ಒಂದೇ ಸಮಯ, ಅದಕ್ಕೆ ಮುಂಚೆ ಒಂದು ಗಂಟೆ ವ್ಯತ್ಯಾಸ. ನನ್ನ ಅನುಮಾನ ಇಷ್ಟೇ: ಮಾರ್ಚ್ ಕೊನೆಯಲ್ಲಿ ಹೋಗಿಬಂದ ಯಾವುದೋ ಗುಂಪಿನ ಹಾಳೆಯಲ್ಲಿ ತಾರೀಕು ಮಾತ್ರ ಬದಲಿಸಿ ನಮಗೆ ಕೊಟ್ಟಿದ್ದೀರಿ. ಹೌದೋ ಅಲ್ಲವೋ ಅದಕ್ಕಾದರೂ ನೇರವಾಗಿ ಉತ್ತರ ಕೊಡಿ.

ಅಮೆರಿಕದ ಪ್ರೆಸಿಡೆಂಟ್ಸ್ ಡೇ ರಜೆ ಬೇರೆ. ಮಧ್ಯಾಹ್ನ ಒಂದರ ದೋಣಿಯಲ್ಲಿ ಐದೇ ಜಾಗ ಇತ್ತು, ಆಮೇಲೆ ಗಾಳಿ ಎದ್ದು ಮುಂದಿನದು ರದ್ದಾಯಿತು. ಅಪ್ಪ, ಅಮ್ಮ, ಇಬ್ಬರು ಮಕ್ಕಳು, ನನ್ನ ಹೆಂಡತಿ ಹೋದರು. ಗೆಳೆಯ, ಅವನ ಹೆಂಡತಿ, ಆ ಹುಡುಗ, ನಾನು ದಡದಲ್ಲಿ. ಸೋಮವಾರ ಬೆಳಗಿನ ದೋಣಿಗೆ ಕಾದಿದ್ದರೆ ಎನ್ಸೆನಾಡಾ ತಲುಪುವಷ್ಟರಲ್ಲಿ ಕತ್ತಲಾಗುತ್ತಿತ್ತು. ಅಂಚಿಲ್ಲದ ಆ ಕಿರಿದಾದ ರಸ್ತೆಯಲ್ಲಿ, ದನಗಳು ಅಡ್ಡ ಬರುವಲ್ಲಿ, ರಾತ್ರಿ ಓಡಿಸುವ ಧೈರ್ಯ ನನಗಿಲ್ಲ.

ಎರಡು ವರ್ಷದಿಂದ ಈ ಪ್ರವಾಸಕ್ಕೆ ಎಲ್ಲರನ್ನೂ ಒಪ್ಪಿಸಿ ಹೊರಡಿಸಿದವನು ನಾನು. ಮಗಳಿಗೆ ದೋಣಿಯಲ್ಲಿ ಹೇಳಬೇಕೆಂದು ಓದಿಟ್ಟುಕೊಂಡದ್ದನ್ನೆಲ್ಲ ಉಪ್ಪಿನ ಗದ್ದೆಯ ಗಾಳಿಗೆ ಕಣ್ಣು ಕಿರಿದು ಮಾಡಿಕೊಂಡು ಕೂತ ಗೆಳೆಯನಿಗೆ ಹೇಳಿದೆ. 1857ರ ಹೊತ್ತಿಗೆ ಸ್ಕ್ಯಾಮನ್ ಎಂಬ ಕ್ಯಾಪ್ಟನ್ ಇದೇ ನೀರಿನೊಳಗೆ ಬಂದು ಬೇಟೆ ಶುರುಮಾಡಿದ್ದು, ಮರಿ ಕಾಯಲು ತಾಯಿ ತಿಮಿಂಗಿಲಗಳು ದೋಣಿ ಒಡೆಯುತ್ತಿದ್ದರಿಂದ ಬೇಟೆಗಾರರು ಅವುಗಳಿಗೆ ದೆವ್ವದ ಮೀನು ಎಂದು ಹೆಸರಿಟ್ಟಿದ್ದು, 1972ರಲ್ಲಿ ದಕ್ಷಿಣದ ಸ್ಯಾನ್ ಇಗ್ನಾಸಿಯೋ ಲಗೂನಿನಲ್ಲಿ (ಸಮುದ್ರದ ಹಿನ್ನೀರಿನಲ್ಲಿ) ಪಾಚಿಕೋ ಮಯೊರಾಲ್ ಎಂಬ ಮೀನುಗಾರ ತಾನಾಗಿ ದೋಣಿಯ ಬಳಿ ಬಂದ ತಿಮಿಂಗಿಲವನ್ನು ಹೆದರಿಕೆಯಲ್ಲೇ ಮುಟ್ಟಿದ್ದು. ಗೆಳೆಯ 'ಹೂಂ' ಅನ್ನುತ್ತಿದ್ದ, ಗಮನವೆಲ್ಲ ನೀರಿನ ಮೇಲೆ. ದೂರದಲ್ಲಿ ಎರಡು ಸಲ ಉಸಿರಿನ ಆವಿ ಎದ್ದದ್ದು ಕಂಡಿತು. ನನಗೆ ಕಂಡ ಬೂದು ತಿಮಿಂಗಿಲ ಅಷ್ಟೇ.

ಅಮ್ಮ ವಾಪಸು ಬಂದಾಗ ಬಲಗೈ ತೋಳು ಭುಜದವರೆಗೆ ಒದ್ದೆ. ಮರಿ ದೋಣಿಯ ಪಕ್ಕಕ್ಕೇ ಬಂತಂತೆ, ಅದರ ತಾಯಿ ಕೆಳಗಿನಿಂದ ಎತ್ತಿ ಕೊಟ್ಟ ಹಾಗೆ. 'ಸುಲಿದ ಬಾಳೆದಿಂಡು ಮುಟ್ಟಿದ ಹಾಗಿತ್ತು ಕಣೋ, ತಣ್ಣಗೆ, ನುಣ್ಣಗೆ. ತಾಯಿ ಮೈ ಮಾತ್ರ ಒರಟು, ಚಿಪ್ಪು ಚಿಪ್ಪು' ಅಂದರು. ಆಮೇಲೆ ನನ್ನ ಮುಖ ನೋಡಿ ಸುಮ್ಮನಾದರು.

ನಿಮ್ಮ ಎರಡು ಸಾಲಿನ ಉತ್ತರದಲ್ಲಿ 'ಈಚೆಗೆ ತಿಮಿಂಗಿಲಗಳ ಸಂಖ್ಯೆಯೇ ಕಡಿಮೆಯಾಗಿದೆ, ಪ್ರಕೃತಿ ನಮ್ಮ ಕೈಯಲ್ಲಿಲ್ಲ' ಎಂದಿದ್ದೀರಿ. ಕಡಿಮೆಯಾಗಿರುವುದು ನಿಜ, 2019ರಿಂದ 2023ರವರೆಗೆ ಅವು ದೊಡ್ಡ ಸಂಖ್ಯೆಯಲ್ಲಿ ಸತ್ತದ್ದು ನನಗೂ ಗೊತ್ತು. ನನ್ನ ದೂರು ತಿಮಿಂಗಿಲ ಕಾಣಲಿಲ್ಲ ಎಂದಲ್ಲವಲ್ಲ. ಅವು ಅಲಾಸ್ಕಾದ ಆಚೆಯ ಚುಕ್ಚಿ ಸಮುದ್ರದಿಂದ ಸಾವಿರಾರು ಕಿಲೋಮೀಟರ್ ಈಜಿ ಸರಿಯಾದ ಹೊತ್ತಿಗೆ ಬಂದಿದ್ದವು. ಅರ್ವೈನಿನಿಂದ ಹೋದ ನಾವು ತಡ ಮಾಡಿದೆವು, ಅದೂ ನಿಮ್ಮ ಹಾಳೆ ನಂಬಿ. ಅಂದ ಹಾಗೆ, ನಿಮ್ಮ ಜಾಹೀರಾತಿನಲ್ಲಿ ಉದ್ದ ಕೈ ಬೀಸಿ ನೀರಿನಿಂದ ಜಿಗಿಯುತ್ತಿರುವುದು ಹಂಪ್‌ಬ್ಯಾಕ್ ಎಂಬ ಬೇರೆ ಜಾತಿ. ಅದು ಬೂದು ತಿಮಿಂಗಿಲವೇ ಅಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ನನ್ನ ಬೇಡಿಕೆ ಹೀಗಿದೆ. ಗಡಿಯಿಂದ ಮರಳಿದ ದಂಪತಿಗೆ ಪೂರ್ತಿ ಹಣ, 1,280 ಡಾಲರ್. ದೋಣಿ ತಪ್ಪಿದ ನಾಲ್ವರಿಗೆ ನಿಮ್ಮ ಬಿಲ್ಲಿನಲ್ಲೇ ಇರುವಂತೆ ತಲಾ 90ರಂತೆ 360. ಗ್ಯಾಸಿನ 40. ಒಟ್ಟು 1,680 ಡಾಲರನ್ನು ಮಾರ್ಚ್ 10ರೊಳಗೆ ನಾನು ಕಟ್ಟಿದ ಕಾರ್ಡಿಗೇ ವಾಪಸು ಹಾಕಿ. 'ಮುಂದಿನ ಪ್ರವಾಸಕ್ಕೆ ರಿಯಾಯಿತಿ ಕೂಪನ್' ಬೇಡ. ಹಣ ಬಾರದಿದ್ದರೆ ಕಾರ್ಡ್ ಬ್ಯಾಂಕಿನ ಮೂಲಕ ತಕರಾರು ಸಲ್ಲಿಸುತ್ತೇನೆ. ವಾಟ್ಸಾಪ್ ಮೆಸೇಜು, ನಿಮ್ಮ ಹಾಳೆ, ದೋಣಿ ಚೀಟಿ ಮೂರರ ಪ್ರತಿಯನ್ನೂ ಲಗತ್ತಿಸಿದ್ದೇನೆ.

ಇನ್ನೊಂದು ವಿಷಯ, ಇದಕ್ಕೆ ಮಾರ್ಚ್ 10ರವರೆಗೆ ಕಾಯಬೇಡಿ. ಮಾರ್ಚ್ 1ಕ್ಕೆ ಇನ್ನೊಂದು ಗುಂಪು ಹೊರಡುತ್ತಿದೆ ಎಂದು ನೀವೇ ಹಾಕಿದ್ದೀರಿ. ಈ ವರ್ಷ ಗಡಿಯಾರ ಬದಲಾಗುವುದು ಮಾರ್ಚ್ 9ಕ್ಕೆ. ಆ ಗುಂಪಿನ ಹಾಳೆಯಲ್ಲೂ 'ಬೆಳಿಗ್ಗೆ 7ಕ್ಕೆ ಕಟವಿನ್ಯಾ ಬಿಡಿ' ಎಂದೇ ಇದ್ದರೆ, ದಯವಿಟ್ಟು ಇವತ್ತೇ ಅದನ್ನು 6 ಮಾಡಿ.

ಇಂತಿ,
ಹನ್ನೊಂದು ಜನರ ಪರವಾಗಿ,
ಗುಂಪಿನ ಸಂಚಾಲಕ