‘ಕೋರ್ಸ್’ ತಗೊಂಡಿದ್ದರೆ ಡಾಕ್ಟರಿಗೆ ಹೇಳಿಬಿಡಿ

ಮಾನ್ಯರೇ,

ಹಳೇ ದಾವಣಗೆರೆಯ ಗರಡಿಮನೆಯಿಂದ ವಿದ್ಯಾನಗರದ ಎ.ಸಿ. ಜಿಮ್‌ವರೆಗೆ ನಮ್ಮೂರಿನಲ್ಲಿ ಮೈ ಹುರಿಗೊಳಿಸುವ ಹುಡುಗರಿಗೆ ಬರವಿಲ್ಲ. ಒಬ್ಬನಿಗೆ ದುಗ್ಗಮ್ಮನ ಜಾತ್ರೆಯ ಕುಸ್ತಿ, ಇನ್ನೊಬ್ಬನಿಗೆ ಪವರ್‌ಲಿಫ್ಟಿಂಗ್, ಮತ್ತೊಬ್ಬನಿಗೆ ಪೊಲೀಸ್ ನೇಮಕಾತಿಯ ದೈಹಿಕ ಪರೀಕ್ಷೆ. ಇವರಲ್ಲಿ ಯಾರು ‘ಕೋರ್ಸ್’, ಅಂದರೆ ಸ್ನಾಯು ಬೆಳೆಸುವ ಅನಬಾಲಿಕ್ ಸ್ಟೀರಾಯ್ಡ್‌ಗಳ ಸರಣಿ, ಹಾಕಿಸಿಕೊಳ್ಳುತ್ತಿದ್ದಾರೆ ಎಂಬುದು ಜಿಮ್‌ನಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಗೊತ್ತಿಲ್ಲದವರು ಇಬ್ಬರೇ, ಮನೆಯವರು ಮತ್ತು ಡಾಕ್ಟರು. ಅನಬಾಲಿಕ್ ಸ್ಟೀರಾಯ್ಡ್‌ನಿಂದ ಆಗುವ ಅನಾಹುತದಲ್ಲಿ ದೊಡ್ಡ ಪಾಲು ಈ ಮುಚ್ಚುಮರೆಯದ್ದು ಎಂಬುದನ್ನು ಹೇಳಲೆಂದೇ ಈ ಪತ್ರ.

ಮೊದಲೇ ಒಂದು ಮಾತು. ಉಬ್ಬಸಕ್ಕೆ, ಕೀಲುವಾತಕ್ಕೆ ವೈದ್ಯರು ಕೊಡುವ ಸ್ಟೀರಾಯ್ಡ್ ಬೇರೆ ಜಾತಿಯದು. ಈ ಪತ್ರ ಓದಿ ಯಾರೂ ತಮ್ಮ ಇನ್‌ಹೇಲರ್ ನಿಲ್ಲಿಸಬಾರದು. ಇಲ್ಲಿ ಹೇಳುತ್ತಿರುವುದು ಟೆಸ್ಟೊಸ್ಟೆರಾನ್ ಮತ್ತು ಅದನ್ನು ತಿದ್ದಿ ಮಾಡಿದ ನಾಂಡ್ರೊಲೋನ್, ಸ್ಟಾನೊಜೋಲಾಲ್, ಮೆಥಾಂಡಿಯನೋನ್‌ಗಳ ಬಗ್ಗೆ. ಜಿಮ್ ಭಾಷೆಯಲ್ಲಿ ಟೆಸ್ಟೊ, ಡೆಕಾ, ವಿನ್ನಿ, ಡಿ-ಬಾಲ್.

ಪ್ರಮಾಣದ ಲೆಕ್ಕ ನೋಡಿ. ಆರೋಗ್ಯವಂತ ಗಂಡಸಿನ ದೇಹ ದಿನಕ್ಕೆ 5ರಿಂದ 7 ಮಿ.ಗ್ರಾಂ.ನಷ್ಟು ಟೆಸ್ಟೊಸ್ಟೆರಾನ್ ತಯಾರಿಸುತ್ತದೆ. ವಾರಕ್ಕೆ 35ರಿಂದ 50. ದೇಹದಲ್ಲಿ ಅದು ಉತ್ಪತ್ತಿಯೇ ಆಗದ ರೋಗಿಗೆ ವೈದ್ಯರು ಕೊಡುವುದು ವಾರಕ್ಕೆ 75ರಿಂದ 100 ಮಿ.ಗ್ರಾಂ. ಜಿಮ್‌ನಲ್ಲಿ ‘ಹೊಸಬರ ಡೋಸ್’ ಎಂದು ಶುರು ಮಾಡುವುದೇ ವಾರಕ್ಕೆ 500ರಿಂದ! ಅದರ ಮೇಲೆ ಡೆಕಾ, ಅದರ ಮೇಲೆ ಮಾತ್ರೆ. ‘ನ್ಯಾಚುರಲ್ ಹಾರ್ಮೋನೇ ಅಲ್ವಾ ಸಾರ್’ ಎನ್ನುವ ಮಾತು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಹೊರಗಿನಿಂದ ಇಷ್ಟು ಸುರಿದಾಗ ಒಳಗೆ ಏನಾಗುತ್ತದೆ? ಮಹಡಿ ಮೇಲಿನ ಟ್ಯಾಂಕ್ ತುಂಬಿದರೆ ಮೋಟಾರ್ ತಾನಾಗಿ ಆಫ್ ಆಗುವ ಹಾಗೆ, ಮೆದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿ ವೃಷಣಗಳಿಗೆ ಆದೇಶ ಕಳಿಸುವುದನ್ನೇ ನಿಲ್ಲಿಸುತ್ತದೆ. ವೃಷಣ ಕುಗ್ಗುತ್ತದೆ, ವೀರ್ಯಾಣು ಎಣಿಕೆ ಸೊನ್ನೆಗೂ ಇಳಿಯಬಹುದು. ಕೋರ್ಸ್ ನಿಂತ ಮೇಲೆ ಟ್ಯಾಂಕ್ ಖಾಲಿ, ಮೋಟಾರ್ ಮಾತ್ರ ಸ್ಟಾರ್ಟ್ ಆಗುವುದಿಲ್ಲ. ಕೆಲವರಿಗೆ ಆರು ತಿಂಗಳು, ಕೆಲವರಿಗೆ ವರ್ಷದ ಮೇಲೆ. ವರ್ಷಗಟ್ಟಲೆ ತೆಗೆದುಕೊಂಡ ಕೆಲವರಲ್ಲಿ ಪೂರ್ತಿ ಮರಳುವುದೇ ಇಲ್ಲ. ಈ ಖಾಲಿ ತಿಂಗಳುಗಳಲ್ಲೇ ಹುಡುಗ ಮಂಕಾಗುವುದು, ನಿದ್ದೆಗೆಡುವುದು, ಸಾಯುವ ಮಾತಾಡುವುದು. ಅದರಿಂದ ತಪ್ಪಿಸಿಕೊಳ್ಳಲು ಮತ್ತೊಂದು ಕೋರ್ಸ್ ಶುರು ಮಾಡುತ್ತಾನೆ. ಚಟ ಅಂಟಿಕೊಳ್ಳುವುದು ಹೀಗೆ. ಮದುವೆಯಾಗಿ ವರ್ಷಗಳಾದರೂ ಮಕ್ಕಳಾಗದೆ ಹೆಂಡತಿಯನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಸುತ್ತಿಸುವವರು, ಮೊದಲು ಗಂಡನ ಹಳೇ ಕೋರ್ಸ್‌ಗಳ ಲೆಕ್ಕವನ್ನು ಡಾಕ್ಟರ ಮುಂದೆ ಇಡಲಿ.

ಜೀವ ತೆಗೆಯುವುದು ಮುಖ್ಯವಾಗಿ ಹೃದಯದ ದಾರಿಯಿಂದ. ದಿನಕ್ಕೆ ಐನೂರು ಬಸ್ಕಿ ಹೊಡೆಯುವವನಿಗೆ ಎಂಥ ಹೃದಯಾಘಾತ ಎಂದು ಜನ ಕೇಳುತ್ತಾರೆ. ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಗಂಡಸರಲ್ಲಿ 40ಕ್ಕಿಂತ ಮೇಲಿರಬೇಕು. ಸ್ಟಾನೊಜೋಲಾಲ್‌ನಂಥ ಮಾತ್ರೆ ನುಂಗಿದವರಲ್ಲಿ ಅದು ಕೆಲವೇ ವಾರಗಳಲ್ಲಿ 20ರ ಕೆಳಗೆ ಬೀಳಬಹುದು. ಇತ್ತ ಕೆಂಪು ರಕ್ತಕಣ ಹೆಚ್ಚಿ ರಕ್ತ ಮಂದವಾಗುತ್ತದೆ. ರಕ್ತದಲ್ಲಿ ಕೆಂಪುಕಣಗಳ ಪಾಲು, ಅಂದರೆ ಹೆಮಟೋಕ್ರಿಟ್, ಶೇ 54 ದಾಟಿದರೆ, ಚಿಕಿತ್ಸೆಗೆಂದು ಕೊಡುತ್ತಿರುವ ಟೆಸ್ಟೊಸ್ಟೆರಾನನ್ನೂ ವೈದ್ಯರು ನಿಲ್ಲಿಸುತ್ತಾರೆ. ನಮ್ಮ ಹುಡುಗರು ಅದನ್ನು ನೋಡಿಸುವುದೇ ಇಲ್ಲ. ಬದಲಿಗೆ ಬೇಸಿಗೆಯ ಸ್ಪರ್ಧೆಗೆ ತೂಕ ಇಳಿಸಲು ಎರಡು ದಿನ ನೀರು ಬಿಟ್ಟು, ಮೂತ್ರ ಹೆಚ್ಚಿಸುವ ಫ್ಯುರೋಸೆಮೈಡ್ ನುಂಗುತ್ತಾರೆ. ಮಂದ ರಕ್ತ ಇನ್ನೂ ಗಟ್ಟಿಯಾಗುತ್ತದೆ, ಪೊಟ್ಯಾಸಿಯಂ ಕುಸಿದು ಹೃದಯ ತಾಳ ತಪ್ಪುತ್ತದೆ. ಇದರ ಜತೆಗೆ ಹೃದಯದ ಎಡ ಕೆಳಕೋಣೆಯ ಗೋಡೆ ದಪ್ಪವಾಗಿ ಬಿರುಸಾಗುತ್ತದೆ. ತೋಳು ದಪ್ಪವಾದರೆ ಶಕ್ತಿ ಬಂತು ಎನ್ನಬಹುದು. ಹೃದಯದ ಗೋಡೆ ಬಿರುಸಾದರೆ ಅದು ಸಡಿಲಿಸಿ ರಕ್ತ ತುಂಬಿಕೊಳ್ಳಲಾರದು.

‘ಆಮೇಲೆ ಪಿಸಿಟಿ ಮಾಡಿದ್ರೆ ಎಲ್ಲಾ ಕ್ಲಿಯರ್’ ಎನ್ನುತ್ತಾರೆ. ಪಿಸಿಟಿ ಎಂದರೆ ಕೋರ್ಸ್ ಮುಗಿದ ಮೇಲೆ ನುಂಗುವ ಮಾತ್ರೆಗಳು. ಟಾಮಾಕ್ಸಿಫೆನ್, ಕ್ಲೋಮಿಫೀನ್ ಮಾತ್ರೆಗಳು ಆಫ್ ಆದ ಮೋಟಾರನ್ನು ತಟ್ಟಿ ಎಬ್ಬಿಸಲು ಯತ್ನಿಸಬಹುದು. ಹೃದಯದ ಗೋಡೆಗೆ, ರಕ್ತನಾಳದಲ್ಲಿ ಕಟ್ಟಿದ ಕೊಬ್ಬಿಗೆ ಅವು ಏನೂ ಮಾಡಲಾರವು. ಕ್ರೀಡಾಪಟುಗಳಿಗೆ ಅವೂ ನಿಷಿದ್ಧ.

ಉಳಿದವನ್ನು ಬೇಗ ಹೇಳುತ್ತೇವೆ. ಮೊಲೆತೊಟ್ಟಿನ ಕೆಳಗೆ ನಾಣ್ಯದಷ್ಟು ಗಟ್ಟಿ ಗಂಟು ಕೈಗೆ ಸಿಕ್ಕರೆ ಅದು ಕೊಬ್ಬಲ್ಲ, ಗ್ರಂಥಿ. ಹೆಚ್ಚುವರಿ ಟೆಸ್ಟೊಸ್ಟೆರಾನ್ ಈಸ್ಟ್ರೊಜೆನ್ ಆಗಿ ಮಾರ್ಪಟ್ಟಿದ್ದರ ಗುರುತು. ಹಳೆಯದಾದರೆ ಶಸ್ತ್ರಚಿಕಿತ್ಸೆಯೇ ಗತಿ. ಸ್ನಾಯು ಬೆಳೆದ ವೇಗದಲ್ಲಿ ಸ್ನಾಯುರಜ್ಜು ಗಟ್ಟಿಯಾಗುವುದಿಲ್ಲ. ಹಾಗಾಗಿ ಪಟ್ಟು ಹಾಕುವಾಗ, ಬೆಂಚ್ ಎತ್ತುವಾಗ ಎದೆಯ ಇಲ್ಲವೇ ತೋಳಿನ ರಜ್ಜು ಕಿತ್ತು ಬರುತ್ತದೆ. ಹದಿನಾರು-ಹದಿನೇಳರ ಹುಡುಗರಲ್ಲಿ ಎಲುಬಿನ ತುದಿಯ ಬೆಳವಣಿಗೆಯ ಪದರ ಬೇಗ ಮುಚ್ಚಿಕೊಂಡು ಎತ್ತರ ಅಲ್ಲಿಗೇ ನಿಲ್ಲುತ್ತದೆ. ಹೆಣ್ಣುಮಕ್ಕಳ ದನಿ ಒಮ್ಮೆ ಗಡುಸಾದರೆ ಮತ್ತೆ ಹಿಂದಿನಂತಾಗುವುದು ಕಷ್ಟ.

ಸಿಕ್ಕಿದರೆ ಆ ವಯಲನ್ನು ಕೈಯಲ್ಲಿ ಹಿಡಿದು ನೋಡಿ. 10 ಎಂ.ಎಲ್. ಗಾಜಿನ ಬಾಟಲಿ, ರಬ್ಬರ್ ಮುಚ್ಚಳ, ಒಳಗೆ ಹಳದಿ ಎಣ್ಣೆ, ಹೊರಗೆ ಮಿರಿಮಿರಿ ಹೊಲೋಗ್ರಾಂ, ಯಾವುದೋ ದೇಶದ ಹೆಸರು. ನಮ್ಮ ದೇಶದಲ್ಲಿ ಕಾನೂನುಬದ್ಧವಾಗಿ ತಯಾರಾದ ಔಷಧದ ಮೇಲೆ ಬ್ಯಾಚ್ ನಂಬರ್, ತಯಾರಿಕೆಯ ಹಾಗೂ ಮುಗಿಯುವ ದಿನಾಂಕ, ತಯಾರಿಕಾ ಲೈಸೆನ್ಸ್ ನಂಬರ್, ಚೀಟಿ ಇಲ್ಲದೆ ಮಾರಬಾರದೆಂಬ ಎಚ್ಚರಿಕೆ, ಕೆಂಪು ಗೆರೆ ಇರಬೇಕು. ಇವು ಇಲ್ಲದಿದ್ದರೆ ಒಳಗಿರುವುದು ಏನು, ಎಷ್ಟು, ಶುದ್ಧವೋ ಅಲ್ಲವೋ ಎಂದು ಹೇಳುವವರಿಲ್ಲ. ಕೆಲವು ಬಾಟಲಿಗಳಲ್ಲಿ ಬೋಲ್ಡೆನೋನ್ ಇರುತ್ತದೆ, ಅದು ಕುದುರೆಗೆ ಮಾಡಿದ ಔಷಧ. ಈಗ ಆ ರಬ್ಬರ್ ಮುಚ್ಚಳವನ್ನು ಹತ್ತಿರದಿಂದ ನೋಡಿ, ಎಷ್ಟು ಚುಚ್ಚಿದ ಗುರುತಿವೆ ಎಂದು. ದುಡ್ಡು ಹಾಕಿ ತಂದ ಬಾಟಲಿಯನ್ನು ಮೂರು-ನಾಲ್ಕು ಜನ ಹಂಚಿಕೊಂಡಿರುತ್ತಾರೆ. ಅವರಲ್ಲಿ ಒಬ್ಬನಿಗೆ ಹೆಪಟೈಟಿಸ್ ಬಿ, ಸಿ ಅಥವಾ ಎಚ್‌ಐವಿ ಇದ್ದು, ಬಳಸಿದ ಸೂಜಿ ಒಮ್ಮೆ ಒಳಗೆ ಹೋದರೆ ಸಾಕು, ಆ ಎಣ್ಣೆ ಎಲ್ಲರಿಗೂ ಅಪಾಯ. ಪೃಷ್ಠದ ತಪ್ಪು ಜಾಗಕ್ಕೆ ಚುಚ್ಚಿದರೆ ಕಾಲಿಗೆ ಹೋಗುವ ದೊಡ್ಡ ನರಕ್ಕೆ ಪೆಟ್ಟು. ರಕ್ತನಾಳಕ್ಕೆ ಸೇರಿದರೆ ಎಣ್ಣೆಯ ಹನಿಗಳು ಶ್ವಾಸಕೋಶಕ್ಕೆ ಹೋಗಿ ಕೆಮ್ಮು, ಉಸಿರುಗಟ್ಟು. ಚುಚ್ಚಿದ ಜಾಗ ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ಒಳಗೆ ಕೀವು ಕಟ್ಟಿರಬಹುದು. ಬಿಸಿನೀರಿನ ಶಾಖಕ್ಕೆ ಅದು ಹೋಗುವುದಿಲ್ಲ, ಕೊಯ್ದು ತೆಗೆಯಬೇಕು.

ಮೆಫೆಂಟರ್‌ಮಿನ್ ಇಂಜೆಕ್ಷನ್ ಬಗ್ಗೆಯೂ ಎಚ್ಚರ. ಆಪರೇಷನ್ ವೇಳೆ ರಕ್ತದೊತ್ತಡ ಕುಸಿದರೆ ಎತ್ತಲು ಕೊಡುವ ಔಷಧ ಅದು. ವ್ಯಾಯಾಮಕ್ಕೆ ಮುಂಚೆ ಹುರುಪಿಗೆಂದು ಅದನ್ನು ಚುಚ್ಚಿಕೊಳ್ಳುವುದು, ಮೊದಲೇ ಬಿರುಸಾದ ಹೃದಯಕ್ಕೆ ಚಾಟಿ ಬೀಸಿದಂತೆ.

ಸ್ಪರ್ಧೆಗಿಳಿಯುವವರಿಗೆ ಇನ್ನೊಂದು ಲೆಕ್ಕವಿದೆ. ಅನಬಾಲಿಕ್ ಸ್ಟೀರಾಯ್ಡ್‌ಗಳು ಸ್ಪರ್ಧೆ ಇದ್ದಾಗಲೂ ಇಲ್ಲದಾಗಲೂ ನಿಷಿದ್ಧ. ನಾಂಡ್ರೊಲೋನ್‌ನ ಕುರುಹು ತಿಂಗಳುಗಟ್ಟಲೆ ಮೂತ್ರದಲ್ಲಿ ಉಳಿಯುತ್ತದೆ. ಮಾದರಿಯನ್ನು 10 ವರ್ಷದವರೆಗೂ ಇಟ್ಟು ಮರುಪರೀಕ್ಷೆ ಮಾಡಬಹುದು. ಮೊದಲ ತಪ್ಪಿಗೇ ಸಾಮಾನ್ಯವಾಗಿ 4 ವರ್ಷ ನಿಷೇಧ. 19ರ ಹುಡುಗ ಮರಳುವಾಗ 23. ಕ್ರೀಡಾ ಕೋಟಾದ ಕೆಲಸದ ಆಸೆ ಅಲ್ಲಿಗೆ ಮುಗಿಯಿತು. ‘ಗೊತ್ತಿಲ್ಲದೆ ಆಯ್ತು’ ಎಂದರೆ ಬಿಡುವುದಿಲ್ಲ. ಪೈಲ್ವಾನ ನರಸಿಂಗ್ ಯಾದವ್ ಅವರ ಮೂತ್ರದಲ್ಲಿ 2016ರಲ್ಲಿ ಮೆಥಾಂಡಿಯನೋನ್ ಸಿಕ್ಕಿತು. ತಮಗೆ ಗೊತ್ತಿಲ್ಲದೆ ಯಾರೋ ಬೆರೆಸಿದ್ದಾರೆ ಎಂಬ ಅವರ ವಾದವನ್ನು ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆಯ (ನಾಡಾ) ಸಮಿತಿ ಒಪ್ಪಿದರೂ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಒಪ್ಪಲಿಲ್ಲ. ರಿಯೊ ಒಲಿಂಪಿಕ್ಸ್ ತಪ್ಪಿತು, 4 ವರ್ಷ ಹೋಯಿತು. ಆದ್ದರಿಂದ ಡಬ್ಬಿಯ ಪುಡಿ, ‘ತೂಕ ಹೆಚ್ಚಿಸುವ’ ಮಾತ್ರೆ ಯಾರು ಕೊಟ್ಟರೂ ಬಾಯಿಗೆ ಹಾಕಿಕೊಳ್ಳುವ ಮುನ್ನ ಯೋಚಿಸಿ. ಅಪ್ರಾಪ್ತ ಕ್ರೀಡಾಪಟುವಿಗೆ ಇಂಥದ್ದನ್ನು ಕೊಟ್ಟ ಕೋಚ್‌ಗೆ ಆಜೀವ ನಿಷೇಧವಾಗುತ್ತದೆ ಎಂಬುದು ತರಬೇತುದಾರರಿಗೂ ನೆನಪಿರಲಿ.

ಪುಡಿಯ ಬದಲು ಏನು? 70 ಕೆ.ಜಿ.ಯ ಪಟುವಿಗೆ ದಿನಕ್ಕೆ 110ರಿಂದ 140 ಗ್ರಾಂ ಪ್ರೋಟೀನ್ ಸಾಕು. ಆರು ಮೊಟ್ಟೆಯಲ್ಲಿ 36, ಒಂದು ಲೀಟರ್ ಹಾಲಿನಲ್ಲಿ 32, ಒಣ ಸೋಯಾ ಚಂಕ್ಸ್ 50 ಗ್ರಾಂನಲ್ಲಿ 26, 50 ಗ್ರಾಂ ಶೇಂಗಾದಲ್ಲಿ 12. ಉಳಿದದ್ದು ಜೋಳದ ರೊಟ್ಟಿ, ಕಾಳುಪಲ್ಯದಲ್ಲೇ ಬರುತ್ತದೆ. ಮಟ್ಟಿಯ ಹಳೇ ಪೈಲ್ವಾನರು ಮೈ ಕಟ್ಟಿದ್ದು ಹೀಗೆಯೇ, ನಿಧಾನವಾಗಿ.

ಔಷಧ ಅಂಗಡಿಯವರಲ್ಲಿ ಒಂದು ಕೋರಿಕೆ. ಇವೆಲ್ಲ ವೈದ್ಯರ ಚೀಟಿಯಿಲ್ಲದೆ ಕೊಡಬಾರದ ಔಷಧಗಳು. 20 ವರ್ಷದ ಗಟ್ಟಿಮುಟ್ಟಾದ ಹುಡುಗ ಟೆಸ್ಟೊಸ್ಟೆರಾನ್ ಕೇಳಿದರೆ ಚೀಟಿ ಕೇಳಿ, ಚೀಟಿಯ ಮೇಲಿನ ನಂಬರಿಗೆ ಒಂದು ಫೋನ್ ಮಾಡಿ. ಔಷಧ ನಿಯಂತ್ರಣ ಇಲಾಖೆ ಅಂಗಡಿಗಳ ಜತೆಗೆ ಜಿಮ್‌ನ ಲಾಕರ್‌ಗಳತ್ತಲೂ ಕಣ್ಣಿಡಬೇಕು. ಸರಕು ಕೈ ಬದಲಾಯಿಸುವುದು ಅಲ್ಲಿ.

ಈಗಾಗಲೇ ತೆಗೆದುಕೊಳ್ಳುತ್ತಿರುವವರಿಗೆ: ಸಿ.ಜಿ. (ಚಿಗಟೇರಿ) ಜಿಲ್ಲಾ ಆಸ್ಪತ್ರೆಗಾದರೂ ಸರಿ, ಮನೆಯ ಪರಿಚಯದ ಡಾಕ್ಟರಲ್ಲಿಗಾದರೂ ಸರಿ, ಹೋಗಿ ಎಲ್ಲವನ್ನೂ ಹೇಳಿ. ರಕ್ತದೊತ್ತಡ, ಹಿಮೋಗ್ಲೋಬಿನ್ ಮತ್ತು ಹೆಮಟೋಕ್ರಿಟ್, ಲಿಪಿಡ್ ಪ್ರೊಫೈಲ್, ಲಿವರ್ ಪರೀಕ್ಷೆ, ಕ್ರಿಯಾಟಿನಿನ್, ಮೂತ್ರದಲ್ಲಿ ಪ್ರೋಟೀನ್, ಬೆಳಗ್ಗೆಯ ಟೆಸ್ಟೊಸ್ಟೆರಾನ್, ಎಲ್‌ಎಚ್, ಎಫ್‌ಎಸ್‌ಎಚ್, ಇಸಿಜಿ, ಎಕೋ, ಸೂಜಿ ಹಂಚಿಕೊಂಡಿದ್ದರೆ ಹೆಪಟೈಟಿಸ್ ಮತ್ತು ಎಚ್‌ಐವಿ ಪರೀಕ್ಷೆ ಬೇಕಾಗುತ್ತದೆ. ಭಾರ ಎತ್ತಿದ ಮರುದಿನ ಸ್ನಾಯುವಿನಿಂದಲೇ ಲಿವರ್ ಪರೀಕ್ಷೆಯ ಎಸ್‌ಜಿಒಟಿ, ಎಸ್‌ಜಿಪಿಟಿ ಏರಿರುತ್ತವೆ. ಹಾಗಾಗಿ ನಾಲ್ಕೈದು ದಿನ ವ್ಯಾಯಾಮ ಬಿಟ್ಟು ರಕ್ತ ಕೊಡಿ, ಜತೆಗೆ ಜಿಜಿಟಿಯನ್ನೂ ನೋಡಿಸಿ; ಅದು ಏರಿದ್ದರೆ ಲಿವರ್ ಕಡೆಯೇ ನೋಡಬೇಕು. ಕೋರ್ಸ್ ನಿಲ್ಲಿಸಿದ ಮೇಲಿನ ತಿಂಗಳುಗಳಲ್ಲಿ ಮಂಕು ಕವಿದರೆ ಮನೋವೈದ್ಯರನ್ನು ಕಾಣಿ. 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಉಚಿತವಾಗಿ ಕರೆ ಮಾಡಿ ಮಾತಾಡಬಹುದು.

ತಂದೆ ತಾಯಂದಿರೇ, ಮಗನ ಬ್ಯಾಗಿನಲ್ಲಿ ಬಾಟಲಿ ಸಿಕ್ಕರೆ ಬೈದು ಎಸೆಯಬೇಡಿ. ಎದೆನೋವು, ಒಂದು ಕಡೆಯ ಕೈಕಾಲು ಬಲಹೀನವಾಗುವುದು, ಕಣ್ಣು ಹಳದಿಯಾಗುವುದು, ಮೀನಖಂಡ ಊದಿ ನೋಯುವುದು, ಇವುಗಳಲ್ಲಿ ಯಾವುದಾದರೂ ಕಂಡ ದಿನ ಆ ಬಾಟಲಿಯನ್ನೇ ಜೇಬಿನಲ್ಲಿಟ್ಟುಕೊಂಡು ಮಗನ ಜತೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಬನ್ನಿ, ಡ್ಯೂಟಿ ಡಾಕ್ಟರ ಕೈಗೆ ಕೊಡಿ.

– ಕ್ರೀಡಾಪಟುಗಳಿಗೆ ಚಿಕಿತ್ಸೆ ಮತ್ತು ತರಬೇತಿ ನೀಡುವ ಕೆಲವರು, ದಾವಣಗೆರೆ