ಕಿಟ್ ಕೊಟ್ಟರು ಸರಿ, ಒಳಗೇನಿತ್ತು?

ಮಾನ್ಯ ಸಂಪಾದಕರೇ,

ಕಸುಬುದಾರರಿಗೆ ಟೂಲ್‌ಕಿಟ್ ಹಂಚಿದ ಸುದ್ದಿ ನಿಮ್ಮ ಮಂಡ್ಯ ಪುಟದಲ್ಲಿ ಆಗಾಗ ಬರುತ್ತದೆ. ವೇದಿಕೆ ಮೇಲೆ ಯಾರಿದ್ದರು, ಎಷ್ಟು ಮಂದಿಗೆ ಕೊಟ್ಟರು, ಯಾರು ಏನು ಮಾತಾಡಿದರು ಎಲ್ಲಾ ಇರುತ್ತದೆ. ಫೋಟೊದಲ್ಲಿ ಒಂದು ಚೀಲವೋ ತಗಡಿನ ಪೆಟ್ಟಿಗೆಯೋ ಕಾಣುತ್ತದೆ. ಅದರೊಳಗೆ ಏನಿತ್ತು ಅನ್ನುವುದು ಮಾತ್ರ ಇರುವುದಿಲ್ಲ. ನಾನು ಐಟಿಐನಲ್ಲಿ ಫಿಟ್ಟರ್ ಹುಡುಗರಿಗೆ ಪಾಠ ಹೇಳಿ ನಿವೃತ್ತನಾದವನು. ಉಪಕರಣದ ಹೆಸರು ಗೊತ್ತಿಲ್ಲದೆ ಉಪಕರಣ ಕೈಗೆ ತಗೋಬೇಡ ಎಂದು ಹೇಳಿಕೊಂಡೇ ಬಂದವನು. ಹಾಗಾಗಿ ಈ 'ಕಿಟ್' ಎಂಬ ಪದದ ಬಗ್ಗೆ ನಾಲ್ಕು ಮಾತು ಬರೆಯಬೇಕು ಅನ್ನಿಸಿತು.

ಕಿಟ್ ಮೊದಲಿಗೆ ಉಪಕರಣದ ಹೆಸರೇ ಅಲ್ಲ, ಪಾತ್ರೆಯ ಹೆಸರು. ಮರದ ಪಟ್ಟಿಗಳನ್ನು ದುಂಡಗೆ ನಿಲ್ಲಿಸಿ, ಸುತ್ತ ಬಳೆ ಹಾಕಿ ಬಿಗಿದ ಪಾತ್ರೆ. ಹಳೆಯ ಡಚ್ ಮಾತಿನಲ್ಲಿ ಅದಕ್ಕೆ 'ಕಿಟ್ಟೆ' ಅನ್ನುತ್ತಿದ್ದರು. ಇಂಗ್ಲಿಷರು ಮಧ್ಯಯುಗದಲ್ಲೇ ಆ ಪದವನ್ನು ತಮ್ಮದು ಮಾಡಿಕೊಂಡರು. ಹಾಲು, ಬೆಣ್ಣೆ, ಮೀನು ತುಂಬಿಡುವುದಕ್ಕೆ ಅದು ಬೇಕಾಗುತ್ತಿತ್ತು. ನಮ್ಮ ಹಿರಿಯರ ಮನೆಗಳಲ್ಲಿದ್ದ ಮರದ ಮರಿಗೆಯ ಬಳಗದ್ದು ಅನ್ನಿ. ಬರಬರುತ್ತಾ ಪಾತ್ರೆಯ ಹೆಸರು ಒಳಗಿನ ಸಾಮಾನಿಗೆ ಬಂತು. 18ನೇ ಶತಮಾನದ ಕೊನೆಯ ಹೊತ್ತಿಗೆ ಸಿಪಾಯಿಯ ಸಾಮಾನಿನ ಗಂಟಿಗೆ ಕಿಟ್ ಎಂಬ ಹೆಸರು ಬಿತ್ತು. 19ನೇ ಶತಮಾನದಲ್ಲಿ ಕೆಲಸಗಾರನ ಉಪಕರಣಗಳೂ ಕಿಟ್ ಆದವು. ಬಿಡಿಭಾಗ ತಂದು ನಾವೇ ಜೋಡಿಸಿಕೊಳ್ಳುವ ವಸ್ತುವಿಗೆ ಕಿಟ್ ಅನ್ನುವುದು ಇನ್ನೂ ಈಚಿನದು. 'ಟೂಲ್' ಅನ್ನುವ ಪದ ಇಷ್ಟೊಂದು ಅಲೆದಿಲ್ಲ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲೂ ಅದರ ಅರ್ಥ ಹೆಚ್ಚುಕಡಿಮೆ ಇದೇ. ಕಿಟ್ ಹಾಗಲ್ಲ, ಅದರೊಳಗೆ ಏನು ಬೇಕಾದರೂ ಹಾಕಬಹುದು.

ಹಾಕುತ್ತಲೂ ಬಂದಿದ್ದೇವೆ. 2020ರ ಲಾಕ್‌ಡೌನಿನಲ್ಲಿ ಅಕ್ಕಿ, ಬೇಳೆ, ಎಣ್ಣೆ ಸೇರಿಸಿ ಕೊಟ್ಟಿದ್ದು ದಿನಸಿ ಕಿಟ್. ಆಸ್ಪತ್ರೆಯವರು ತಲೆಯಿಂದ ಕಾಲಿನವರೆಗೆ ತೊಟ್ಟಿದ್ದು ಪಿಪಿಇ ಕಿಟ್. 2021ರಲ್ಲಿ ರೈತರ ಹೋರಾಟದ ಹೊತ್ತಿನಲ್ಲಿ 'ಟೂಲ್‌ಕಿಟ್' ಎಂದು ದೇಶವೆಲ್ಲಾ ಮಾತಾಡಿತಲ್ಲ, ಅದರಲ್ಲಿ ಸುತ್ತಿಗೆಯೂ ಇರಲಿಲ್ಲ, ಉಳಿಯೂ ಇರಲಿಲ್ಲ. ಅದು ಕಂಪ್ಯೂಟರಿನಲ್ಲಿ ಓದುವ ಒಂದು ಕಡತ. ಪದ ಬೆಳೆಯಲಿ, ತಪ್ಪಿಲ್ಲ. ಆದರೆ ಇಷ್ಟು ಹಿಗ್ಗಿದ ಪದ ಒಂದನ್ನೇ ಬರೆದು ಬಿಟ್ಟರೆ ಓದುವವನಿಗೆ ಏನೂ ತಿಳಿಯುವುದಿಲ್ಲ.

ನಮ್ಮಲ್ಲೂ ಇಂಥದ್ದೇ ಒಂದು ಪದ ಇದೆ, ಹಡಪ. ಎಲೆ ಅಡಿಕೆ ಇಡುವ ಚೀಲ ಹಡಪ. 12ನೇ ಶತಮಾನದ ಶರಣ ಹಡಪದ ಅಪ್ಪಣ್ಣನ ಹೆಸರು ಅದರಿಂದಲೇ ಬಂದದ್ದು. ಕ್ಷೌರ ಮಾಡುವವರು ಊರೂರು ತಿರುಗುವಾಗ ಕಂಕುಳಲ್ಲಿ ಹಿಡಿದು ಬರುತ್ತಿದ್ದ ಸಾಮಾನಿನ ಚೀಲವೂ ಹಡಪವೇ. ಅದರಲ್ಲಿ ಕತ್ತಿ, ಕತ್ತರಿ, ಬಾಚಣಿಗೆ, ಕನ್ನಡಿ, ಕತ್ತಿ ಮಸೆಯುವ ಚರ್ಮದ ಪಟ್ಟಿ ಇರುತ್ತಿದ್ದವು. ಹಡಪ ಅಂದ ಕೂಡಲೇ ಇವಿಷ್ಟೂ ಕಣ್ಣಿಗೆ ಬರುತ್ತಿತ್ತು, ಯಾಕೆಂದರೆ ಒಳಗಿರುವುದು ಊರಿಗೆಲ್ಲಾ ಗೊತ್ತಿತ್ತು. ಈಗಿನ ಕಿಟ್‌ಗೆ ಆ ಗುರುತು ಇಲ್ಲ.

ಇದು ಬರೀ ಪದದ ವಿಷಯವಾಗಿದ್ದರೆ ನಿಮಗೆ ತೊಂದರೆ ಕೊಡುತ್ತಿರಲಿಲ್ಲ. ನಮ್ಮ ಬೀದಿಯ ಬಡಗಿಯೊಬ್ಬರು ಹೀಗೆ ಸಿಕ್ಕ ಕಿಟ್ ಒಂದನ್ನು ನನಗೆ ತೋರಿಸಲು ತಂದಿದ್ದರು. ಬಾಗಿಲು, ಕಿಟಕಿ, ಹೊಸ್ತಿಲ ಕೆಲಸದವರು. ಜಗಲಿ ಮೇಲೆ ಬಿಚ್ಚಿದರು. ಸುತ್ತಿಗೆ, ಸ್ಕ್ರೂಡ್ರೈವರ್, ಅಳತೆ ಟೇಪು, ಚಿಕ್ಕ ಗರಗಸ, ಹಳದಿ ಹಿಡಿಯ ಉಳಿಗಳು. ಮರ ಕೆತ್ತುವ ಬಾಚಿ ಇರಲಿಲ್ಲ. ಮೂಲೆ ಸರಿಯಿದೆಯೇ ಎಂದು ನೋಡುವ ಮೂಲೆಮಟ್ಟ ಇರಲಿಲ್ಲ. ಒಂದು ಉಳಿ ತೆಗೆದುಕೊಂಡು, ನನ್ನ ಹತ್ತಿರ ಇದ್ದ, ಕಬ್ಬಿಣ ಉಜ್ಜುವ ಅರದ ಮೂಲೆಯನ್ನು ಅದರ ಅಂಚಿಗೆ ಒತ್ತಿ ಎಳೆದೆ. ಸರಿಯಾಗಿ ಹದ ಹಾಕಿದ ಉಕ್ಕಾದರೆ ಅರ ಕಚ್ಚದೆ ಜಾರುತ್ತದೆ. ಇದು ಕಚ್ಚಿತು. ಬೆರಳಿಗೆ ಬೂದು ಪುಡಿ ಅಂಟಿತು. "ಬಣ್ಣ ಚೆನ್ನಾಗೈತೆ ಮೇಷ್ಟ್ರೇ, ಹೊನ್ನೆ ಮರಕ್ಕೆ ಹಾಕಿದ್ರೆ ಬಾಯಿ ಮಡಿಚ್ಕೊಂಡ್ಬಿಡ್ತದೆ" ಅಂದರು. ಅವರ ಅಪ್ಪನ ಕಾಲದ ಉಳಿಗಳು ಈಗಲೂ ಕೆಲಸಕ್ಕಿವೆ. ಊರಿನ ಕುಲುಮೆಯಲ್ಲಿ ಕಾಯಿಸಿ ತಟ್ಟಿಸಿದವು. ಹೊಸ ಚೀಲ ಅಟ್ಟ ಸೇರಿದೆ.

ಕೊಟ್ಟವರು ಯಾರು ಅನ್ನುವುದು ಇಲ್ಲಿ ಬೇಡ. ಆ ದಿನದ ಸುದ್ದಿಯಲ್ಲಿ 'ಉಳಿ, ಗರಗಸ ಇದ್ದವು, ಬಾಚಿ, ಮೂಲೆಮಟ್ಟ ಇರಲಿಲ್ಲ' ಎಂದು ಒಂದು ಸಾಲು ಬಂದಿದ್ದರೆ ಮುಂದಿನ ಸಲಕ್ಕೆ ಯಾರಾದರೂ ಕೇಳುತ್ತಿದ್ದರು ಅಲ್ವಾ? ಕಿಟ್ ಅನ್ನುವ ಪದ ಕೇಳುವುದಕ್ಕೆ ಜಾಗವನ್ನೇ ಬಿಡುವುದಿಲ್ಲ.

ಹಣ ಸಣ್ಣದಲ್ಲ. ಕೇಂದ್ರದ ಪಿಎಂ ವಿಶ್ವಕರ್ಮ ಯೋಜನೆ 2023ರ ಸೆಪ್ಟೆಂಬರ್ 17ರಂದು ಶುರುವಾಯಿತು. ಅದರಲ್ಲಿ 18 ಕಸುಬುಗಳಿವೆ. ಟೂಲ್‌ಕಿಟ್‌ಗೆಂದು ಒಬ್ಬೊಬ್ಬರಿಗೆ 15,000 ರೂಪಾಯಿವರೆಗೆ ನೆರವು. ಕಮ್ಮಾರ, ಕುಂಬಾರ, ದರ್ಜಿ, ಗಾರೆಯವರು, ಬುಟ್ಟಿ ಹೆಣೆಯುವವರು, ಹೂಮಾಲೆ ಕಟ್ಟುವವರು ಎಲ್ಲರೂ ಇದ್ದಾರೆ. ಸುತ್ತಿಗೆ ಮತ್ತು ಉಪಕರಣ ತಯಾರಿಸುವವರಿಗೇ ಒಂದು ಬೇರೆ ಸಾಲು ಇದೆ. ಅದನ್ನು ಓದಿ ನನಗೆ ನಿಜಕ್ಕೂ ಸಂತೋಷವಾಯಿತು. ಮಚ್ಚು, ಕುಡುಗೋಲು, ಗುದ್ದಲಿ ಮಾಡಿಕೊಡುವ ಕೈಗಳು ಮಂಡ್ಯ ಸೀಮೆಯಲ್ಲಿ ಇನ್ನೂ ಇವೆ. ನೇಗಿಲಿನ ಗುಳ ಹಣಿಸುವ ಕೆಲಸ ಟ್ರ್ಯಾಕ್ಟರ್ ಬಂದ ಮೇಲೆ ಕಮ್ಮಿಯಾಗಿದೆ, ಆದರೆ ಕಬ್ಬು ಕಡಿಯುವ ಮಚ್ಚಿಗೆ ಬೇಡಿಕೆ ಹೋಗಿಲ್ಲ. ಊರಿನ ಉಪಕರಣವನ್ನು ಊರಿನ ಕುಲುಮೆಯಿಂದಲೇ ಕೊಂಡರೆ ಒಂದೇ ದುಡ್ಡಿನಲ್ಲಿ ಎರಡು ಮನೆ ಒಲೆ ಉರಿಯುತ್ತದೆ. ಇದನ್ನು ಅಧಿಕಾರಿಗಳು ಗಂಭೀರವಾಗಿ ಯೋಚಿಸಬೇಕು.

ಒಂದೇ ಕಸುಬಿನ ಒಳಗೂ ಎಷ್ಟು ವ್ಯತ್ಯಾಸ ನೋಡಿ. ಮೈಸೂರಿನಲ್ಲಿ ಬೀಟೆ ಮರದ ಹಲಗೆಯೊಳಗೆ ಬೇರೆ ಬಣ್ಣದ ಮರದ ಚೂರು ಕೂರಿಸಿ ಆನೆ, ಹಕ್ಕಿ, ಹಳ್ಳಿಯ ಚಿತ್ರ ಮಾಡುತ್ತಾರಲ್ಲ, ಆ ಕೆಲಸಗಾರರಿಗೆ ಬೇಕಾದದ್ದು ದಾರದಂಥ ಸಣ್ಣ ಅಲಗಿನ ಗರಗಸ. ಮಳವಳ್ಳಿ ಕಡೆ ಬಾಗಿಲು ಮಾಡುವವರಿಗೆ ಅದರಿಂದ ಏನೂ ಆಗುವುದಿಲ್ಲ. ಅವರಿಗೆ ಭಾರದ ಕೊಡತಿ, ಅಂದರೆ ಮರದ ಸುತ್ತಿಗೆ ಬೇಕು, ಅಗಲ ಉಳಿ ಬೇಕು. ಪತ್ರಿಕೆಯಲ್ಲಿ ಇಬ್ಬರಿಗೂ ಸಿಗುವುದು 'ಬಡಗಿ ಕಿಟ್'.

ಕಿಟ್ ಪದಕ್ಕೆ ಈಗಿನ ಅರ್ಥ ಬಂದದ್ದು ಸೈನ್ಯದಲ್ಲಿ ಎಂದೆ. ಅಲ್ಲಿ ಕಿಟ್ ಇನ್‌ಸ್ಪೆಕ್ಷನ್ ಅಂತ ಮಾಡುತ್ತಾರೆ. ಸೈನ್ಯದಲ್ಲಿದ್ದು ಬಂದವರನ್ನು ಕೇಳಿ ನೋಡಿ, ಹೇಳುತ್ತಾರೆ. ಚೀಲ ಹೊರಗಿನಿಂದ ಚೆಂದ ಇದ್ದರೆ ಸಾಲದು. ಒಂದೊಂದು ಸಾಮಾನನ್ನೂ ಹೊರಗೆ ತೆಗೆದು ಸಾಲಾಗಿ ಜೋಡಿಸಿಡಬೇಕು. ಮೇಲಿನವರು ಬಂದು ಒಂದೊಂದನ್ನೇ ನೋಡಿ, ಎಣಿಸಿ, ಕೆಟ್ಟದ್ದಿದ್ದರೆ ಅಲ್ಲೇ ಹೇಳುತ್ತಾರೆ. ಇಂಗ್ಲಿಷಿನಿಂದ ಪದ ತಂದ ನಾವು ಈ ಪದ್ಧತಿಯನ್ನೂ ತರಬಹುದು.

ನಿಮ್ಮ ವರದಿಗಾರರಿಗೆ ನನ್ನ ಕೋರಿಕೆ ಇಷ್ಟೇ. ಮುಂದಿನ ಸಲ ಕಿಟ್ ಹಂಚುವ ಕಡೆ ಹೋದಾಗ, ಭಾಷಣ ಮುಗಿದ ಮೇಲೆ ಚೀಲ ಹಿಡಿದು ನಿಂತವರ ಹತ್ತಿರ ಹೋಗಿ ಬಿಚ್ಚಿಸಿ ನೋಡಿ. ಏನೇನಿದೆ, ಎಲ್ಲಿ ತಯಾರಾದದ್ದು, ಅವರ ಕೆಲಸಕ್ಕೆ ಬೇಕಾದದ್ದು ಯಾವುದು ಇಲ್ಲ, ಇದನ್ನು ಕೇಳಿ ಬರೆದುಕೊಳ್ಳಿ. ಹೆಸರುಗಳನ್ನು ಅವರು ಹೇಳಿದ ಹಾಗೇ ಬರೆಯಿರಿ. ಬೈರಿಗೆ, ಕೊಡತಿ, ಕರಣೆ, ಇಕ್ಕಳ, ಚಮ್ಮಟಿಗೆ ಎಂದು ಅಚ್ಚಾದರೆ ಕಸುಬಿನವರಿಗೆ ತಕ್ಷಣ ಅರ್ಥವಾಗುತ್ತದೆ. ಆರು ತಿಂಗಳು ಬಿಟ್ಟು ಅವರನ್ನೇ ಹುಡುಕಿಕೊಂಡು ಹೋಗಿ, ಯಾವುದು ಕೆಲಸಕ್ಕೆ ಬಂತು, ಯಾವುದು ಅಟ್ಟದಲ್ಲಿದೆ ಎಂದು ಇನ್ನೊಂದು ವರದಿ ಮಾಡಿದರೆ ಇನ್ನೂ ಒಳ್ಳೆಯದು.

ಇಂತಿ,
ನಿವೃತ್ತ ಐಟಿಐ ಬೋಧಕ, ಮಂಡ್ಯ