ಓವರ್‌ಫ್ಲೋ ಬಾಕ್ಸ್‌ಗೂ ಒಂದು ಮುಚ್ಚಳ ಬೇಕು

ಸಂಪಾದಕರೇ, ನಮಸ್ಕಾರ.

ಹೋದ ಬೇಸಿಗೆಯಲ್ಲಿ ಒಂದಿನ ಬೆಳಗ್ಗೆ ಎದ್ದು ನೋಡಿದರೆ ನಮ್ಮ ಪಡಸಾಲೆಯ ಶಹಾಬಾದ್ ಕಲ್ಲಿನ ಮೇಲೆ ನೀರೋ ನೀರು. ಅಕ್ವೇರಿಯಂ ತುಂಬಿ ಹರಿದಿತ್ತು. ಅದರ ಕೆಳಗಿನ ಸಂಪ್, ಅಂದರೆ ನೀರು ಸೋಸುವ ಸಣ್ಣ ತೊಟ್ಟಿ, ಬರಿದಾಗಿ ಮೋಟಾರು ನೀರಿಲ್ಲದೆ ಗುರ್ ಅಂತಿತ್ತು. ನಮ್ಮ ನೀಲಿ ಗೌರಾಮಿ ರಾತ್ರಿ ನೆಗೆದು ಮೂಲೆಯ ಓವರ್‌ಫ್ಲೋ ಬಾಕ್ಸ್ ಒಳಗೆ ಬಿದ್ದು, ನೀರು ಇಳಿಯುವ ಪೈಪಿನ ಬಾಯಿಗೆ ಸಿಕ್ಕಿಕೊಂಡು ಸತ್ತಿತ್ತು. ಮಗಳು ಎರಡು ವರ್ಷ ಸಾಕಿದ ಮೀನು. ಅವತ್ತು ಅವಳು ಊಟ ಮುಟ್ಟಲಿಲ್ಲ.

ಈ ಬಾಕ್ಸ್ ಗೊತ್ತಿಲ್ಲದವರಿಗೆ ಹೇಳುತ್ತೇನೆ. ತೊಟ್ಟಿಯ ಮೇಲ್ಪದರದ ನೀರು ಬಾಚಣಿಗೆ ಹಲ್ಲಿನಂಥ ಸಂದಿಗಳಿಂದ ಇದರೊಳಗೆ ಬೀಳುತ್ತದೆ, ಪೈಪಿನಲ್ಲಿ ಇಳಿದು ಸಂಪ್‌ನಲ್ಲಿ ಸೋಸಿ, ಮೋಟಾರಿನಿಂದ ಮತ್ತೆ ಮೇಲೆ ಬರುತ್ತದೆ. ಪೈಪು ಕಟ್ಟಿಕೊಂಡರೂ ಮೋಟಾರು ಮಾತ್ರ ನೀರು ಎತ್ತುತ್ತಲೇ ಇರುತ್ತದೆ. ಆಮೇಲೆ ಆಗುವುದು ನಮ್ಮ ಮನೆಯಲ್ಲಿ ಆದದ್ದೇ. ಗೌರಾಮಿಯಂಥ ಮೀನಂತೂ ಗಾಳಿ ಕುಡಿಯಲು ಪದೇ ಪದೇ ಮೇಲೆ ಬರುತ್ತದೆ, ಬೆದರಿದರೆ ನೆಗೆಯುತ್ತದೆ.

ತೊಟ್ಟಿ ಕೊಟ್ಟ ಅಂಗಡಿಯಲ್ಲಿ ಕೇಳಿದೆ. “ಬಾಕ್ಸಿಗಿ ಮುಚ್ಚಳ ಬರಂಗಿಲ್ರಿ ಸರ್, ಮ್ಯಾಲ ಹುಡ್ ಐತಲ್ರಿ” ಅಂದರು. ಹುಡ್, ಅಂದರೆ ಇಡೀ ತೊಟ್ಟಿಯ ಮೇಲಿನ ದೊಡ್ಡ ಮುಚ್ಚಳ, ಇದೆ, ನಿಜ. ಆದರೆ ಪೈಪಿಗಾಗಿ ಅದನ್ನು ಕತ್ತರಿಸಿದ್ದು ಸರಿಯಾಗಿ ಆ ಬಾಕ್ಸಿನ ಮೇಲೇ ಅಲ್ವಾ!

ಕೊನೆಗೆ ನೇಮ್ ಬೋರ್ಡ್, ನಂಬರ್ ಪ್ಲೇಟ್ ಮಾಡುವ ಅಂಗಡಿಗೆ ಹೋದೆ. ನಾನು ಅಳತೆ ಬರೆದುಕೊಂಡು ಹೋಗಿದ್ದೆ. ಅಲ್ಲಿದ್ದ ಹುಡುಗ ಚೀಟಿ ನೋಡಿ, “ಅಣ್ಣಾರ, ಅಳತಿ ಬ್ಯಾಡ್ರಿ, ರಟ್ಟು ಕತ್ತರಿಸಿ ಕೂಡಿಸಿ ನೋಡಿ ತರ್ರಿ” ಅಂದ. ಅವನು ಹೇಳಿದ್ದೇ ಸರಿ. ಗಾಜಿನ ಮೂಲೆಯಲ್ಲಿ ಸಿಲಿಕೋನ್ ಉಬ್ಬಿರುತ್ತದೆ, ಮೂಲೆ ಎಂದೂ ಪೂರಾ ನೇರ ಇರುವುದಿಲ್ಲ. ಸೀರೆ ಡಬ್ಬಿಯ ರಟ್ಟು ತೆಗೆದುಕೊಂಡು ಎರಡು ಸಲ ಕೆಡಿಸಿ ಮೂರನೇ ಸಲ ಸರಿಯಾಗಿ ಕೂತ ಮೇಲೆ, ಸುತ್ತಲೂ 2 ಮಿ.ಮೀ. ಕಡಿಮೆ ಮಾಡಿ ಕೊಟ್ಟೆ. ಅವನು 5 ಮಿ.ಮೀ. ದಪ್ಪದ ಕಪ್ಪು ಅಕ್ರಿಲಿಕ್ ಪ್ಲಾಸ್ಟಿಕ್ ಹಾಳೆಯ ಉಳಿದ ತುಂಡಿನಲ್ಲಿ ಕತ್ತರಿಸಿದ. ಮೋಟಾರಿನ ಪೈಪಿಗೆ ಒಂದು ಕಚ್ಚು, ಬೆರಳು ಹಾಕಿ ಎತ್ತಲು ಒಂದು ತೂತು. ಮುಚ್ಚಳ ಜಾರದಂತೆ ಅಡಿಯಲ್ಲಿ ಎರಡು ಪಟ್ಟಿ. ಸಿರಿಂಜಿನಿಂದ ಅಂಟುವ ದ್ರಾವಣವನ್ನು ಸಂದಿಗೆ ಬಿಟ್ಟ, ನೀರಿನಂಥ ಆ ದ್ರಾವಣ ತಾನೇ ಒಳಗೆ ಹರಿದು ಕಚ್ಚಿಕೊಂಡಿತು. ಸಿಲಿಕೋನ್‌ನಲ್ಲಿ ಅಂಟಿಸಬೇಡಿ, ಅಕ್ರಿಲಿಕ್‌ಗೆ ಅದು ಗಟ್ಟಿಯಾಗಿ ಹಿಡಿಯುವುದಿಲ್ಲ. ಪಟ್ಟಿ ಅಂಟಿಸಿದ ಮೇಲೆ ವಾಸನೆ ಪೂರಾ ಹೋಗುವ ತನಕ ಒಣಗಿಸಿ, ತೊಳೆದು, ಆಮೇಲೆ ಇಡಿ. ಅಂಚನ್ನು ನೀರು ಹಚ್ಚಿ ಪಾಲಿಶ್ ಪೇಪರ್‌ನಿಂದ ಉಜ್ಜಿ, ಇಲ್ಲಾಂದ್ರೆ ಕೈ ಕೊಯ್ಯುತ್ತದೆ.

ಬಣ್ಣ ಕಪ್ಪೇ ಇರಲಿ. ಬೆಳಕು ಒಳಗೆ ಹೋಗದಿದ್ದರೆ ಬಾಕ್ಸಿನಲ್ಲಿ ಪಾಚಿ ಕಟ್ಟುವುದಿಲ್ಲ. ನೀರು ಬೀಳುವ ಸದ್ದೂ ಕಡಿಮೆ ಆಯಿತು, ಈಗ ಪಡಸಾಲೆಯಲ್ಲೇ ನಿದ್ದೆ ಬರುತ್ತದೆ.

ನಾನು ಮಾಡಿದ ಒಂದು ತಪ್ಪನ್ನು ಯಾರೂ ಮಾಡಬಾರದು, ಅದಕ್ಕೇ ಮುಖ್ಯವಾಗಿ ಈ ಪತ್ರ. ಇಳಿಯುವ ಪೈಪಿನ ತಲೆಯ ಮೇಲೆ ಗಾಳಿಗೆ ಒಂದು ಸಣ್ಣ ತೂತು ಇರುತ್ತದೆ. ಮೊದಲ ದಿನ ಮುಚ್ಚಳ ಸರಿಯಾಗಿ ಅದರ ಮೇಲೇ ಒತ್ತಿ ಕೂತಿತು. ಗಾಳಿ ಸಿಗದೆ ಪೈಪು ನೀರನ್ನು ಒಂದೇ ಸಮ ಎಳೆಯುವುದು, ಬಾಕ್ಸಿನ ನೀರು ತಳ ಮುಟ್ಟಿದಾಗ ಗುಡುಗುಡು ಅಂತ ನಿಲ್ಲುವುದು, ಮತ್ತೆ ತುಂಬುವುದು, ಮತ್ತೆ ಎಳೆಯುವುದು, ರಾತ್ರಿಯಿಡೀ ಇದೇ. ಮುಚ್ಚಳದಲ್ಲಿ ಆ ಜಾಗಕ್ಕೆ ಇನ್ನೊಂದು ತೂತು ಕೊರೆಸಿದ ಮೇಲೆ ನಿಂತಿತು. ಬಾಕ್ಸಿನ ಹಲ್ಲುಗಳನ್ನೂ ಮುಚ್ಚಬೇಡಿ. ಮರಿಗಳಿವೆ ಅಂತ ಜಾಳಿಗೆ ಕಟ್ಟಿದರೆ ಆಗಾಗ ತಿಕ್ಕಿ ತೊಳೆಯಲೇಬೇಕು, ಎಲೆ, ಪಾಚಿ ಹಿಡಿದರೆ ತೊಟ್ಟಿಯ ನೀರು ಏರುತ್ತದೆ.

ಇನ್ನೊಂದು ಮಾತು. ಅಕ್ರಿಲಿಕ್‌ನ ಒಂದು ಮಗ್ಗುಲು ಸದಾ ಹಸಿ ಇದ್ದರೆ ನಿಧಾನಕ್ಕೆ ಬಿಲ್ಲಿನಂತೆ ಬಾಗುತ್ತದೆ. ನಮ್ಮದು ಎರಡು ತಿಂಗಳಲ್ಲಿ ಸ್ವಲ್ಪ ಎದ್ದಿದೆ. ಸಣ್ಣ ಬಾಕ್ಸಿಗೆ ತೊಂದರೆ ಇಲ್ಲ, ಉದ್ದ ಜಾಸ್ತಿ ಇದ್ದರೆ ಪಾಲಿಕಾರ್ಬೊನೇಟ್ ಎಂಬ ಇನ್ನೊಂದು ಪ್ಲಾಸ್ಟಿಕ್ ವಾಸಿ. ನಮ್ಮ ಬೋರ್ ನೀರಿನ ಗಡಸುತನಕ್ಕೆ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟುತ್ತದೆ. ಮುಚ್ಚಳ ಹೊರಗೆ ತೆಗೆದು ಲಿಂಬೆ ಹೋಳಿನಿಂದ ಉಜ್ಜಿ ತೊಳೆದರೆ ಹೋಗುತ್ತದೆ.

ನನಗೆ ಎಲ್ಲಾ ಸೇರಿ ಆದದ್ದು 150 ರೂಪಾಯಿ. ಸಾವಿರಾರು ರೂಪಾಯಿಯ ತೊಟ್ಟಿ ಮಾರುವವರು ಈ ತುಂಡು ಮುಚ್ಚಳವನ್ನೂ ಜೊತೆಗೆ ಕೊಡಬೇಕು. ಕೊಡಲು ಆಗದಿದ್ದರೆ ಮಾರುವಾಗ ಬಾಯಿಬಿಟ್ಟು ಹೇಳಲಿ, ಗಿರಾಕಿಗಳೇ ಮಾಡಿಸಿಕೊಳ್ಳುತ್ತಾರೆ. ನಮ್ಮ ಬಾಕ್ಸಿನೊಳಗೆ ಇಣುಕಿ ನೋಡದೆ ಮಗಳು ಇವತ್ತಿಗೂ ಶಾಲೆಗೆ ಹೊರಡುವುದಿಲ್ಲ.

ಒಬ್ಬ ಓದುಗ, ಕಲಬುರಗಿ